ಇಸ್ತ್ರಿ ಕಾಣದ ಮೇಜುಬಟ್ಟೆ

ಅಂಗಡಿಯ ಹಿಂದಿನ ಕೋಣೆಯಿಂದ
ಮಾರ್ಚ್ ೧೪, ಗುರುವಾರ

ನನ್ನ ಚೂಟಿ ಮಗಳಿಗೆ,

ಅಪ್ಪನ ಆಶೀರ್ವಾದಗಳು. ನಾನು ಚೆನ್ನಾಗಿದ್ದೇನೆ, ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೇನೆ. ಇದನ್ನು ಮೊದಲೇ ಹೇಳಿಬಿಟ್ಟರೆ ನೀನು ಮುಂದಿನದನ್ನು ಸಮಾಧಾನದಿಂದ ಓದುತ್ತೀಯ. ನಿನ್ನ ಮೂರು ಕಾಗದಗಳಿಗೂ ಉತ್ತರ ಬರೆಯಲಿಲ್ಲ, ಬೈದುಕೊಂಡಿರುತ್ತೀಯ. ಮೂರರಲ್ಲೂ ನೀನು ಕೇಳಿದ್ದು ಒಂದೇ: "ಅಮ್ಮ ನನಗೇ ಅಂತ ಮಾಡಿದ ಮೇಜುಬಟ್ಟೆ ಎಲ್ಲಪ್ಪಾ? ಯಾಕೆ ಕಳಿಸ್ತಿಲ್ಲ?" ಏನೆಂದು ಬರೆಯಲಿ ಎಂದು ತಿಳಿಯದೆ ನಾಲ್ಕು ತಿಂಗಳು ತಪ್ಪಿಸಿಕೊಂಡು ಓಡಾಡಿದೆ. ಇವತ್ತು ಬಟ್ಟೆ ಪೊಟ್ಟಣ ಕಟ್ಟಿದ್ದೇನೆ, ಜೊತೆಗೆ ಈ ಕಾಗದ.

ನೀನು ಹೊಸ ಮನೆಗೆ ಹೋದ ವಾರವೇ ನಿನ್ನಮ್ಮ ಅದನ್ನು ಶುರುಮಾಡಿದಳು. ಕೆಮ್ಮು ಆಗಲೇ ಹಿಡಿದಿತ್ತು. ನೀನು ಸ್ಕೂಲಿಗೆ ಹಾಕಿಕೊಂಡು ಸವೆಸಿದ ರಬ್ಬರ್ ಚಪ್ಪಲಿಯನ್ನು ಅವಳು ಎಸೆದೇ ಇರಲಿಲ್ಲ, ಗೊತ್ತಾ? ಅದರ ಅಟ್ಟೆಯನ್ನು ಬ್ಲೇಡಿನಲ್ಲಿ ಕೊರೆದು ಎಲೆಯ ಅಚ್ಚು ಮಾಡಿದಳು. ಬಿಳಿ ಬಟ್ಟೆಯ ಅಂಚಿಗೆಲ್ಲ ನೀಲಿ ಎಲೆ, ನಡುವೆ ಕುಂಚದಲ್ಲಿ ಬರೆದ ಬಳ್ಳಿ. "ಅವಳು ತುಳಿದ ಚಪ್ಪಲೀನ ಊಟದ ಮೇಜಿಗೆ ಹತ್ತಿಸ್ತಿದ್ದೀನಿ, ಹೇಳಿಬಿಟ್ಟೀರಿ ಮತ್ತೆ" ಎಂದು ನಗುತ್ತಿದ್ದಳು.

ಆ ಬಣ್ಣದ್ದು ಒಂದು ಹಠ. ಒಣಗಿದ ಮೇಲೆ ಹಿಂಬದಿಯಿಂದ ಬಿಸಿಬಿಸಿ ಇಸ್ತ್ರಿ ಹಾಕಬೇಕು, ಆಗಲೇ ಅದು ನೂಲಿಗೆ ಕಚ್ಚಿಕೊಳ್ಳುವುದು. ಇಲ್ಲದಿದ್ದರೆ ನೀರು ಸೋಕಿದರೆ ಹೋಯಿತು. ಅಷ್ಟು ಹೊತ್ತಿಗೆ ಅವಳಿಗೆ ಇಸ್ತ್ರಿ ಪೆಟ್ಟಿಗೆ ಎತ್ತುವ ಶಕ್ತಿ ಇರಲಿಲ್ಲ. "ರೀ, ಇದೊಂದಕ್ಕೆ ಇಸ್ತ್ರಿ ಹಾಕಿಕೊಡಿ" ಎಂದಳು. ಮೂವತ್ತು ವರ್ಷದಿಂದ ಇಡೀ ಬೀದಿಯ ಬಟ್ಟೆಗೆ ಇಸ್ತ್ರಿ ಹಾಕುತ್ತಿರುವವನು ನಾನು. ಅವಳದನ್ನು ಮರೆತೆ.

ಅವಳು ತೀರಿಹೋಗಿ ತಿಂಗಳಾದ ಮೇಲೆ ನಿನ್ನ ಮೊದಲ ಕಾಗದ ಬಂತು. ಕಳಿಸುವುದೇ ಆದರೆ ನನ್ನ ಕೈಚಳಕವೂ ಒಂದಿಷ್ಟು ಇರಲಿ, ಗಂಜಿ ಹಾಕಿ ಗರಿಗರಿಯಾಗಿ ಕಳಿಸೋಣ ಎಂದು ಬಟ್ಟೆಯನ್ನು ಬಕೆಟ್ಟಿನಲ್ಲಿ ಅದ್ದಿದೆ. ನೀರು ನೀಲಿಯಾಯಿತು. ಎತ್ತುವಷ್ಟರಲ್ಲಿ ಬಳ್ಳಿಯೂ ಇಲ್ಲ, ಎಲೆಯೂ ಇಲ್ಲ. ಆ ನೀರನ್ನು ಚೆಲ್ಲಲು ಮನಸ್ಸು ಬರದೆ ಎರಡು ದಿನ ಬಚ್ಚಲಲ್ಲೇ ಇಟ್ಟಿದ್ದೆ ಮಗಳೇ. ಅಂಗಡಿ ಬಾಗಿಲು ತೆಗೆಯಲಿಲ್ಲ.

ಪಕ್ಕದ ಅಂಗಡಿಯ ಟೈಲರಮ್ಮ ಬಂದು ನೋಡಿ, "ಅಳ್ತಾ ಕೂತ್ರೆ ಎಲೆ ಮೂಡುತ್ತಾ ಅಣ್ಣಾ? ಅಕ್ಕನ ಅಚ್ಚು ಇದೆಯಲ್ಲ, ಒತ್ತಿ" ಎಂದಳು. ಹಳೆಯ ದಿಂಬಿನ ಚೀಲಗಳ ಮೇಲೆ ಕಲಿಯತೊಡಗಿದೆ. ನನ್ನದು ಇಸ್ತ್ರಿಯ ಕೈ, ಒತ್ತಿದ್ದೇ ತಡ ಮುಂದಕ್ಕೆ ಜಾರಿಸಿಬಿಡುತ್ತದೆ. ಅಚ್ಚನ್ನು ಜಾರಿಸಬಾರದಂತೆ, ಒತ್ತಿ ನೇರವಾಗಿ ಮೇಲೆತ್ತಬೇಕಂತೆ. ನನ್ನ ಮೊದಲ ಸಾಲು ನೋಡಿ ಅವಳು, "ಇದು ಎಲೆನಾ, ಜಿರಳೆನಾ?" ಎಂದು ಕೇಳಿದಳು. ಟೈಲರಮ್ಮ ತನ್ನ ಅಂಗಡಿಗೆ ಹೋದ ಮೇಲೆ ನನಗೂ ನಗು ಬಂತು, ಎಷ್ಟೋ ದಿನಕ್ಕೆ.

ಮೂರು ತಿಂಗಳಿಗೆ ಕೈ ಪಳಗಿತು. ಅದೇ ಬಟ್ಟೆಗೆ, ಅದೇ ಅಚ್ಚಿನಿಂದ ಸುತ್ತಲೂ ಎಲೆ ಒತ್ತಿದ್ದೇನೆ. ಬಳ್ಳಿ ಬರೆಯಲು ನನ್ನ ಕೈಲಾಗಲಿಲ್ಲ, ನಡುವೆ ಖಾಲಿ ಬಿಟ್ಟಿದ್ದೇನೆ. ಮೂರು ಸಲ ಇಸ್ತ್ರಿ ಹಾಕಿದ್ದೇನೆ, ಹೆದರದೆ ಒಗೆ. ಅಳಿಯಂದಿರಿಗೆ ನನ್ನ ನೆನಪು ಹೇಳು. ಕೆಲಸ ಕೆಲಸ ಎಂದು ಊಟ ಬಿಡಬೇಡ. ನಿನ್ನ ಮನೆ ತಣ್ಣಗಿರಲಿ, ಆ ಮೇಜಿನ ಸುತ್ತ ಯಾವಾಗಲೂ ನಿನ್ನವರು ತುಂಬಿರಲಿ.

ನಿನ್ನ ಅಪ್ಪ

ತಾ.ಕ.: ಮರೆತೆ ಎಂದು ಮೇಲೆ ಬರೆದೆನಲ್ಲ, ಅದು ಸುಳ್ಳು. ಅವಳು ಮೂರನೆಯ ಸಲ ಕೇಳಿದಾಗ ರೇಗಿ, "ಆಗ್ಲೇ ಹಾಕಿಟ್ಟಾಯ್ತು ಕಣೇ, ಎಷ್ಟು ಸಲ ಕೇಳ್ತೀಯ" ಎಂದುಬಿಟ್ಟೆ. "ಹಾಗಾದ್ರೆ ಸರಿ ಬಿಡಿ, ಇನ್ನು ಬಣ್ಣ ಹೋಗಲ್ಲ" ಎಂದಳು. ದಿನ ಕಳೆದಂತೆ ಆ ಸುಳ್ಳನ್ನು ನಾನೇ ನಂಬಿಬಿಟ್ಟಿದ್ದೆ. ಅದಕ್ಕೇ ಯೋಚನೆ ಮಾಡದೆ ನೀರಿಗೆ ಅದ್ದಿದ್ದು.

ಇನ್ನೊಂದು ಮಾತಿದೆ. ಎಲ್ಲ ಹೋದರೂ ಒಂದು ಮೂಲೆಯಲ್ಲಿ ಒಂದೇ ಒಂದು ಎಲೆ ಗಟ್ಟಿಯಾಗಿ ಉಳಿದಿತ್ತು. ಅದರ ಪಕ್ಕ ಇಸ್ತ್ರಿಯ ಮೂತಿ ತಗುಲಿ ಕಂದಿದ ಕಲೆ. ನಾನು ಹಾಗೆ ಬಟ್ಟೆ ಕಂದಿಸುವವನಲ್ಲ. ಟೈಲರಮ್ಮನನ್ನು ಕೇಳಿದರೆ ಮಾತು ಹಾರಿಸುತ್ತಿದ್ದಳು. ಹೋದ ವಾರ ಬಾಯಿಬಿಟ್ಟಳು: "ನೀವು ಗಿರಾಕಿ ಮನೆಗೆ ಬಟ್ಟೆ ಕೊಡೋಕೆ ಹೋಗಿದ್ರಿ. ಅಕ್ಕ ನನ್ನ ಕರೆದು ಇಸ್ತ್ರಿ ಪೆಟ್ಟಿಗೆ ಬಿಸಿ ಮಾಡಿಸ್ಕೊಂಡ್ರು. ನಾನು ಹಾಕ್ತೀನಿ ಅಂದ್ರೂ ಬಿಡ್ಲಿಲ್ಲ. ಒಂದು ಎಲೆ ಮೇಲೆ ಇಟ್ರು, ಅಷ್ಟಕ್ಕೇ ಏದುಸಿರು ಬಂತು. ಮಿಕ್ಕಿದ್ದು ನಾಳೆ ಅಂತ ಮಡಚಿಟ್ರು. 'ಅವರಿಗೆ ಹೇಳಬೇಡ, ಹಾಕಿದ್ದೀನಿ ಅಂದಿದ್ದಾರೆ, ಗೊತ್ತಾದ್ರೆ ಮುಖ ಸಣ್ಣ ಮಾಡ್ಕೋತಾರೆ' ಅಂದ್ರು."

ಮಾರನೆಯ ದಿನವೇ ಅವಳನ್ನು ಆಸ್ಪತ್ರೆಗೆ ಸೇರಿಸಿದ್ದು.

ಅವಳಿಗೆ ಗೊತ್ತಿತ್ತು ಚೂಟಿ. ಆ ಕಂದಿದ ಮೂಲೆಯ ಎಲೆ ನಿನ್ನಮ್ಮನದು, ಉಳಿದವೆಲ್ಲ ನನ್ನವು. ಆ ಮೂಲೆ ನೀನು ಕೂರುವ ಕಡೆಗೆ ಬರುವ ಹಾಗೆ ಹಾಸಿಕೋ.