ಅತ್ತೆ ಬೈದ ಇಂಗ್ಲಿಷ್

ಹಗ್ಗದ ಕಾರ್ಖಾನೆಯ ಹಿಂದಿನ ಬೀದಿ,
ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಅಪ್ಪಾ,

ಅತ್ತೆ ನನಗೆ ಬೈದರು! ಬಾಯಿತುಂಬ, ಬೀದಿಗೆಲ್ಲ ಕೇಳುವಂತೆ ಬೈದರು! ನೀವು ಗಾಬರಿಯಾಗುವ ಮೊದಲೇ ಹೇಳಿಬಿಡುತ್ತೇನೆ, ಇದು ಸಂತೋಷದ ಸುದ್ದಿ. ನಿಮ್ಮ ಮಂಡಿನೋವು ಹೇಗಿದೆ? ಅಮ್ಮ ಮಾತ್ರೆ ನೆನಪಿಸುತ್ತಾಳಾ? ನಾನು ಚೆನ್ನಾಗಿದ್ದೇನೆ, ಆದರೆ ಕೂತಲ್ಲಿ ಕೂರಲಾಗುತ್ತಿಲ್ಲ. ಇಷ್ಟು ಬರೆಯುವುದರೊಳಗೆ ಕಿಟಕಿಗೂ ಬಾಗಿಲಿಗೂ ಓಡಾಡಿ ಬಂದೆ.

ಜೀವಮಾನವಿಡೀ ಇಂಗ್ಲಿಷ್ ಕಲಿಸಿದ ಮೇಷ್ಟ್ರು ನೀವು, ಇಂಗ್ಲಿಷೇ ಮನೆಮಾತಾದ ಈ ಬೀದಿಯವರ ಇಂಗ್ಲಿಷ್ ಕೇಳಿದರೆ ಕಿವಿ ಮುಚ್ಚಿಕೊಳ್ಳುತ್ತೀರಿ. ಕೊನೆಯ ಅಕ್ಷರ ನುಂಗುತ್ತಾರೆ, ‘ರ’ ಬಂದರೆ ಹಗ್ಗದ ಹಾಗೆ ಹೊಸೆಯುತ್ತಾರೆ. ರಜೆಗೆ ‘ಸ್ಲ್ಯಾಕ್’, ಜಗಳಕ್ಕೆ ‘ಟ್ಯಾಂಗಲ್’, ಪೆದ್ದರಿಗೆ ‘ವೆಟ್ ನಾಟ್’. ಎಲ್ಲ ಕಾರ್ಖಾನೆಯಿಂದ ಮನೆಗೆ ಬಂದ ಮಾತುಗಳು. ಆದರೆ ಅಪ್ಪಾ, ಅದು ತಮ್ಮವರೊಡನೆ ಮಾತ್ರ ಆಡುವ ಮಾತು. ಹೊರಗಿನವರಿಗೆ ಬೇರೆಯೇ ಇದೆ, ‘ಪಾರ್ಲರ್ ಟಾಕ್’ ಎನ್ನುತ್ತಾರೆ: ಮೆಲ್ಲಗೆ, ಇಸ್ತ್ರಿ ಹಾಕಿದ ಹಾಗೆ. ಪೋಸ್ಟ್‌ಮ್ಯಾನ್‌ಗೆ, ಡಾಕ್ಟರಿಗೆ, ಮದುವೆಯಾದಾಗಿನಿಂದ ನನಗೆ! ನಾನು ಗಾಜಿನ ಜಗ್ ಒಡೆದಾಗಲೂ ಅತ್ತೆ, “ಪ್ಲೀಸ್ ಡೋಂಟ್ ಟ್ರಬಲ್ ಯುವರ್‌ಸೆಲ್ಫ್, ಮೈ ಡಿಯರ್” ಎಂದರು. ಬಚ್ಚಲಲ್ಲಿ ನಿಂತು ಅತ್ತುಬಿಟ್ಟೆ. ನಿಮ್ಮ ಅಳಿಯ ನಕ್ಕು, “ಅಮ್ಮ ನಿನಗೆ ಹೆದರ್ತಾಳೆ ಕಣೆ, ಬಾಯಿ ಬಿಟ್ರೆ ಎಲ್ಲಿ ತಿದ್ದುತ್ತೀಯೋ ಅಂತ” ಎಂದರು. ನಾನು! ಯಾರನ್ನಾದರೂ ಹೆದರಿಸುವ ಮುಖವಾ ಅಪ್ಪಾ ಇದು?

ನಿನ್ನೆ ಒಲೆಯ ಮೇಲೆ ಹಾಲಿಟ್ಟು ಮರೆತೆ. ಪಾತ್ರೆ ಇದ್ದಿಲಾಯಿತು. ಕಾರ್ಖಾನೆಯಿಂದ ಬಂದ ಅತ್ತೆ, ಕೂದಲಿಗೆ ಅಂಟಿದ ನಾರನ್ನೂ ಕೊಡವದೆ ಅಡುಗೆಮನೆಗೆ ನುಗ್ಗಿ, “ಯೆ ಗ್ರೇಯ್ ವೆ ನಾ! ಮಾ ಗೂ ಪ್ಯಾ!” (ಶುದ್ಧ ವೆಟ್ ನಾಟ್ ನೀನು, ನನ್ನ ಒಳ್ಳೇ ಪಾತ್ರೆ ಹಾಳುಮಾಡಿದೆ ಅಂತ!) ಎಂದು ಶುರುಮಾಡಿದರು ನೋಡಿ, ನನ್ನ ಕಾನ್ವೆಂಟಿನಿಂದ ಹಿಡಿದು ನಿಮ್ಮ ಮುದ್ದಿನವರೆಗೆ ಯಾವುದನ್ನೂ ಬಿಡಲಿಲ್ಲ. ಮಧ್ಯೆ ಒಂದೇ ಒಂದು ‘ಪ್ಲೀಸ್’ ಇಲ್ಲ! ನಾನು ಸುಟ್ಟ ಪಾತ್ರೆ ಹಿಡಿದು ನಗುತ್ತ ನಿಂತಿದ್ದೆ. “ನಗು ಬೇರೆ ಇವಳಿಗೆ!” ಎಂದು ಇನ್ನೊಂದು ಸುತ್ತು ಬೈದು, ಆಮೇಲೆ ತಾವೇ ತಿಕ್ಕಲು ಕೂತರು, ನನ್ನನ್ನೂ ಪಕ್ಕಕ್ಕೆ ಎಳೆದು ಕೂರಿಸಿಕೊಂಡರು.

ಅಮ್ಮನಿಗೆ ಒಂದು ಅಪ್ಪುಗೆ, ತಮ್ಮನಿಗೆ ಒಂದು ಗುದ್ದು, ನಿಮ್ಮ ಕಾಲಿಗೆ ನಮಸ್ಕಾರ.

ನಿಮ್ಮ
ಪಟಾಕಿ

ತಾ.ಕ.: ಅಪ್ಪಾ, ಬರೆಯಲು ಕೂತದ್ದೇ ಇದಕ್ಕೆ. ಮದುವೆಯ ಊಟದಲ್ಲಿ ಅತ್ತೆ ನಿಮ್ಮ ಕೈಹಿಡಿದು, “ಯೋ ದೋತ ಈಸ್ ಮಾ ದೋತ ನೌ” ಎಂದಾಗ, ನೀವು ತರಗತಿಯಲ್ಲಿ ಮಾಡುವಂತೆ “ಡಾಟರ್, ಡಾಟರ್” ಎಂದು ಅವರ ಬಾಯಲ್ಲಿ ಮತ್ತೆ ಮತ್ತೆ ಹೇಳಿಸಿದಿರಿ. ಎಲ್ಲರೂ ನಕ್ಕರು. ತಮಾಷೆಗೆ ಮಾಡಿದಿರಿ, ನನಗೆ ಗೊತ್ತು. ಆದರೆ ಆವತ್ತಿನಿಂದ ಅವರು, ಊರಿಗೆ, ನಮ್ಮ ಮನೆಗೆ ಬರುವ ಮಾತೆತ್ತಿದರೆ ಎದ್ದು ಹೋಗುತ್ತಿದ್ದರು. ನಿನ್ನೆ ಪಾತ್ರೆ ತಿಕ್ಕುತ್ತ, ಬರುತ್ತೇನೆ ಎಂದರು. ಇವತ್ತು ಅವರಿಗೆ ಸ್ಲ್ಯಾಕ್. ಒಳಗೆ ಕನ್ನಡಿಯ ಮುಂದೆ ನಿಂತು ನಿಮಗೋಸ್ಕರ ಪಾರ್ಲರ್ ಟಾಕ್ ಅಭ್ಯಾಸ ಮಾಡುತ್ತಿದ್ದಾರೆ. “ಡಾಟರ್, ಡಾಟರ್.” ನನ್ನಿಂದ ಕೇಳಲಾಗುತ್ತಿಲ್ಲ. ತಮ್ಮನನ್ನು ಕಳಿಸಬೇಡಿ, ಸ್ಟೇಷನ್ನಿಗೆ ನೀವೇ ಬನ್ನಿ, ಅವರು ಇಳಿಯುತ್ತಿದ್ದಂತೆ ನೀವೇ ಮೊದಲು ಮಾತಾಡಿಸಿ. ಭಾನುವಾರ, ಬೆಳಗಿನ ಮೇಲ್ ಗಾಡಿ.