ಸಾಕೇನೋ ಅಂದವಳು

ಅಮ್ಮನ ಮನೆ, ಅಡುಗೆಮನೆಯ ಮೇಜಿನಿಂದ
ಭಾನುವಾರ, ಮಾರ್ಚ್ ೯

ಪ್ರೀತಿಯ ಮಾವಾ,

ನಿನ್ನ ಮಂಡಿನೋವು ಹೇಗಿದೆ? ಮೆಟ್ಟಿಲು ಹತ್ತುವಾಗ ಈಗಲೂ ಗೋಡೆ ಹಿಡಿಯುತ್ತೀಯಾ? ಅತ್ತೆಯ ಕಣ್ಣಿನ ಆಪರೇಷನ್ ಸುಸೂತ್ರವಾಗಿ ಆಯಿತೆಂದು ತಿಳಿದು ಸಮಾಧಾನವಾಯಿತು. ಮೊದಲು ಯೋಗಕ್ಷೇಮ ಕೇಳಬೇಕು, ಬೈಯುವುದೇನಿದ್ದರೂ ಆಮೇಲೆ ಎಂಬುದು ಅಮ್ಮ ಕಲಿಸಿದ ಪಾಠ, ಅದಕ್ಕೇ ಕೇಳಿದ್ದೇನೆ. ಸಿಟ್ಟಿನಲ್ಲಿ ನಿನ್ನನ್ನು ‘ನೀವು’ ಎಂದೇ ಬರೆಯೋಣವೆಂದು ಕೂತೆ, ಕೈ ಬರಲಿಲ್ಲ. ನಿನ್ನ ಹೆಗಲೇರಿ ಬೆಳೆದವಳಲ್ಲವೇ. ಅಮ್ಮನ ಆರೋಗ್ಯವನ್ನು ನೀನು ಕೇಳಿಲ್ಲ, ಆದರೂ ಹೇಳುತ್ತೇನೆ. ಗಂಟಲಿನ ಆಪರೇಷನ್ನಿನ ಗಾಯ ಮಾಗಿದೆ, ಊಟ ಸೇರುತ್ತಿದೆ. ದನಿ ಮಾತ್ರ ಹೋಯಿತು. ಇನ್ನು ಬರುವುದಿಲ್ಲವೆಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದಾರೆ. ಕಿವಿಯನ್ನು ಬಾಯಿಯ ಹತ್ತಿರ ಹಿಡಿದರೆ ಪಿಸುಮಾತು ಕೇಳುತ್ತದೆ, ಅಷ್ಟೇ.

ಈಗ ವಿಷಯಕ್ಕೆ ಬರುತ್ತೇನೆ. ಕಳೆದ ತಿಂಗಳು ಒಬ್ಬ ಮನುಷ್ಯ ಬಂದು ಬಾಗಿಲು ತಟ್ಟಿ, “ಪ್ಲೇಟಿನ ವಿಷ್ಯಕ್ಕೆ ಬಂದಿದ್ದೆ” ಅಂದ. ಪಾತ್ರೆ ಮಾರುವವನೆಂದುಕೊಂಡು ಬೇಡಪ್ಪಾ ಎಂದು ಕದ ಹಾಕಿಬಿಟ್ಟೆ. ಮತ್ತೆ ತಟ್ಟಿದಾಗ ತಿಳಿಯಿತು, ಪಾಪ, ಅವನು ಹಳೆಯ ಗ್ರಾಮಫೋನ್ ಪ್ಲೇಟುಗಳ ಬೆನ್ನು ಹತ್ತಿದವನು. ವಯಸ್ಸಿನ ಹುರುಪಿನಲ್ಲಿ ನೀನು ತಂಡ ಕಟ್ಟಿಕೊಂಡು, ಇನ್ನೂರೇ ಪ್ರತಿ ಒತ್ತಿಸಿದ್ದೆಯಲ್ಲ, ಅಮೆರಿಕದ ಸೋಲ್ ಧಾಟಿಯ ಆ ಹಾಡಿನ ಪ್ಲೇಟು, ಅದರ ಒಂದು ಪ್ರತಿ ಅವನಿಗೆ ಗುಜರಿ ಅಂಗಡಿಯಲ್ಲಿ ಕೆಟ್ಟುಹೋದ ಫ್ಯಾನಿನ ಅಡಿಯಲ್ಲಿ ಸಿಕ್ಕಿತಂತೆ. (ಸೋಲ್ ಎಂದರೆ ಆತ್ಮ ಎಂದು ನೀನು ಎಷ್ಟು ಬಿಡಿಸಿ ಹೇಳಿದರೂ ಅಜ್ಜಿ, “ಸೋಲೋ ಹಾಡು ಯಾಕ್ರೋ, ಗೆಲ್ಲೋದು ಯಾವ್ದಾದ್ರೂ ಇದ್ರೆ ಹಾಡ್ರೋ” ಅನ್ನುತ್ತಿದ್ದಳಂತೆ.) ಪ್ಲೇಟಿನ ನಡುವಿನ ಚೀಟಿಯ ಮೇಲೆ ಡ್ರಮ್ ಮತ್ತು ನಾಯಕತ್ವ ಎಂದು ನಿನ್ನ ಹೆಸರಿದೆ. ಹಾಡಿದವರು ಎಂಬಲ್ಲಿ ‘ಅಕ್ಕ’ ಎಂದಿದೆ. ಪ್ಲೇಟು ಒತ್ತುವವನು ಹಾಡಿದ್ದು ಯಾರು ಎಂದು ಕೇಳಿದ, ನೀನು ಅಕ್ಕ ಅಂದೆ, ಅವನು ಕೇಳಿಸಿದ್ದನ್ನು ಅಚ್ಚು ಹಾಕಿಸಿದ. ಹುಟ್ಟಿದಾಗಿನಿಂದ ಅವಳನ್ನು ನೀನು ಬೇರೆ ಏನೆಂದೂ ಕರೆದವನಲ್ಲ. ಆ ತಪ್ಪನ್ನು ನೆನೆದು ಅಮ್ಮ ಎಷ್ಟೋ ವರ್ಷ ನಕ್ಕಿದ್ದಾಳೆ.

ನಿನ್ನ ವಿಳಾಸ ಸಿಗದೆ, ಈ ಅಕ್ಕ ಯಾರೆಂದು ತಿಳಿಯಲು ಆ ಮನುಷ್ಯ ಸುತ್ತಿದ್ದು ಅಷ್ಟಿಷ್ಟಲ್ಲ. ಪ್ಲೇಟು ಒತ್ತಿದ ಕಾರ್ಖಾನೆ ಈಗ ಟೈಲ್ಸ್ ಗೋದಾಮು. ಅಲ್ಲಿನ ಮುದಿ ಕಾವಲುಗಾರ ಟಯರ್ ಅಂಗಡಿಯ ಹಿಂದಿನ ಕೋಣೆಯನ್ನು ನೆನಪಿಸಿಕೊಂಡ. ಗೋಡೆಗೆಲ್ಲ ಹಾಸಿಗೆ ಕಟ್ಟಿ ನೀವು ರೆಕಾರ್ಡಿಂಗ್ ಮಾಡಿದ್ದು ಅಲ್ಲೇ ತಾನೇ? ಟಯರ್ ಅಂಗಡಿಯವನು ನಿಮ್ಮ ಟ್ರಂಪೆಟ್‌ನವನನ್ನು ತೋರಿಸಿದ. ಅವನು ಈಗ ಕಾರು ಓಡಿಸುವುದನ್ನು ಕಲಿಸುತ್ತಾನಂತೆ. ಅವನನ್ನು ಕೇಳಿದರೆ, “ಅಕ್ಕನ ಹೆಸರಾ? ಅಕ್ಕ ಅಂತಾನೇ ಅಲ್ವಾ?” ಅಂದನಂತೆ ಪುಣ್ಯಾತ್ಮ! ಹೋಟೆಲ್ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯಲ್ಲಿ ಅವಳು ಕೆಲಸಕ್ಕಿದ್ದಳು ಎಂಬುದಷ್ಟು ಅವನಿಗೆ ನೆನಪಿತ್ತು. ಲಾಂಡ್ರಿಯ ಹಳಬರು ನಮ್ಮ ಮನೆ ತೋರಿಸಿದರು.

ಅವನು ತಂದಿದ್ದ ಸಣ್ಣ ಪ್ಲೇಯರನ್ನು ಇದೇ ಮೇಜಿನ ಮೇಲಿಟ್ಟು ಹಾಡು ಹಾಕಿದ. ಅಮ್ಮ ಹುರುಳಿಕಾಯಿ ಬಿಡಿಸುತ್ತಿದ್ದಳು. ಮಾವಾ, ಅಮ್ಮನ ದನಿ ಕೇಳಿ ಎಷ್ಟು ಕಾಲವಾಗಿತ್ತು ಗೊತ್ತಾ ನನಗೆ? ಪರರ ಎದುರು ಅಳಬಾರದೆಂದು ಒಲೆಯ ಕಡೆ ತಿರುಗಿ ನಿಂತೆ. ಅಮ್ಮ ತುಟಿ ಆಡಿಸುತ್ತ ಕೊನೆಯವರೆಗೂ ಕೇಳಿ ನನ್ನನ್ನು ಹತ್ತಿರ ಕರೆದು, “ತಾಳ ಓಡ್ತಾ ಇದೆ ನೋಡು, ಇವನದು ಯಾವಾಗ್ಲೂ ಆತುರಾನೇ” ಎಂದು ಪಿಸುಗುಟ್ಟಿದಳು. ಹಾಡಿನ ಬಗ್ಗೆ ಅವಳು ಹೇಳಿದ್ದು ಇಷ್ಟೇ, ಅದೂ ನಿನ್ನ ಬಗ್ಗೆ.

ಈಗ ಆ ಹಾಡನ್ನು ಒಂದು ಕಂಪನಿ ಮತ್ತೆ ಹೊರತರುತ್ತಿದೆ. ಹಾಡಿದವರ ಹೆಸರನ್ನು ಖಚಿತಪಡಿಸಿ ಎಂದು ಅವರು ನನ್ನಿಂದ ವಿಳಾಸ ಪಡೆದು ತಂಡದ ನಾಯಕನಾದ ನಿನ್ನನ್ನು ಕೇಳಿದರು. ನೀನು ಕೊಟ್ಟ ಉತ್ತರವನ್ನು ಪ್ಲೇಟಿನ ಮನುಷ್ಯ ನನಗೆ ಓದಿ ಹೇಳಿದ. “ಅಕ್ಕ ಒಬ್ಬ ವ್ಯಕ್ತಿಯಲ್ಲ, ಒಂದು ಪರಿಕಲ್ಪನೆ. ಎಲ್ಲ ಹೆಣ್ಣುಗಳ ದನಿ. ಆ ದಿನ ಯಾರೋ ಬಾಡಿಗೆ ಗಾಯಕಿ ಬಂದು ಹಾಡಿ ಹೋದರು.” ನನ್ನ ಅಂಗಾಲಿನಿಂದ ನೆತ್ತಿಯವರೆಗೆ ಉರಿಯಿತು. ಪರಿಕಲ್ಪನೆಯಂತೆ! ನಿನ್ನ ಪರಿಕಲ್ಪನೆಗೆ ದಿನಾ ಬೆಳಿಗ್ಗೆ ಬಿ.ಪಿ. ಮಾತ್ರೆ ಕೊಡುವವಳು ನಾನು. ಪರಿಕಲ್ಪನೆಯ ಕಾಲು ಊದಿಕೊಂಡರೆ ಬಿಸಿನೀರು ಕಾಯಿಸುವವಳೂ ನಾನೇ. ನಾಲಿಗೆಗೆ ಎಲುಬಿಲ್ಲ ನಿಜ, ಆದರೆ ಅಷ್ಟೂ ಹೊರಳಬಾರದು.

ಹಾಡು ಮುಗಿದ ಮೇಲೆ ಪ್ಲೇಟಿನಲ್ಲಿ ಒಂದು ಮಾತು ಉಳಿದುಬಿಟ್ಟಿದೆ, ನಿನಗೂ ಗೊತ್ತು. “ಸಾಕೇನೋ?” ಅದನ್ನು ಪ್ರಿಯಕರನಿಗೆ ಎಸೆದ ಪ್ರಶ್ನೆ, ಹಾಡಿನ ಶಿಖರ ಎಂದೆಲ್ಲ ಆ ಕಂಪನಿಯವರು ಬಣ್ಣಿಸಿದ್ದಾರೆ. ಶಿಖರವೂ ಇಲ್ಲ, ಮಣ್ಣೂ ಇಲ್ಲ. ಊಟದ ಬಿಡುವಿನಲ್ಲಿ ಲಾಂಡ್ರಿಯ ಮೇಲಂಗಿಯಲ್ಲೇ ಓಡಿಬಂದು, ಹಸಿದ ಹೊಟ್ಟೆಯಲ್ಲಿ ಹಾಡಿ, ವಾಪಸ್ಸು ಕೆಲಸಕ್ಕೆ ಓಡಬೇಕಾಗಿದ್ದ ಅಕ್ಕ ತಮ್ಮನನ್ನು ಕೇಳಿದ ಮಾತು ಅದು. ನೀನೇ ಹೇಳು, ಬಾಡಿಗೆಗೆ ಬಂದ ಗಾಯಕಿ ತಂಡದ ಯಜಮಾನನಿಗೆ ‘ಸಾಕೇನೋ’ ಅನ್ನುತ್ತಾಳೆಯೇ? ‘ಸಾಕಾ ಸಾರ್’ ಅನ್ನುತ್ತಾಳೆ. ನಿನ್ನನ್ನು ಎತ್ತಿ ಆಡಿಸಿದವಳಿಗಲ್ಲದೆ ಇನ್ಯಾರಿಗೆ ಆ ‘ನೋ’ ಬರುತ್ತದೆ? ಇದನ್ನೇ ನಾನು ಕಂಪನಿಗೆ ಫೋನಿನಲ್ಲಿ ಒದರಿದೆ. ಒಂದು ಅಕ್ಷರ ಸಾಕ್ಷಿಯಾಗುವುದಿಲ್ಲ ಮೇಡಂ, ನಿಮ್ಮ ತಾಯಿ ಒಂದು ಸಾಲು ಹಾಡಿ ಕಳಿಸಲಿ, ದನಿ ಹೋಲಿಸಿ ನೋಡುತ್ತೇವೆ ಅಂದರು. ಏನು ಹೇಳಲಿ ನಾನು?

ನೀನೇಕೆ ಹೀಗೆ ಮಾಡಿದೆ ಎಂದು ಯೋಚಿಸಿ ಯೋಚಿಸಿ ತಲೆ ಕೆಟ್ಟಿತು. ಅಕ್ಕ ಲಾಂಡ್ರಿಯವಳು ಎನ್ನಲು ನಾಚಿಕೆ ಇರಬಹುದು ಎಂದುಕೊಂಡೆ. ನೀನು ಅಷ್ಟು ಸಣ್ಣವನಲ್ಲ. ಆಮೇಲೆ ಹೊಳೆಯಿತು. ಇಸ್ತ್ರಿ ಯಂತ್ರದ ಧಡಧಡ ಸದ್ದಿಗೆ ಅಮ್ಮ ಗುನುಗುತ್ತಿದ್ದ ರಾಗ ಅದು. ಪಕ್ಕದಲ್ಲಿ ಕೂತು ಬಕೆಟ್ ಬಾರಿಸುತ್ತಲೇ ನೀನು ಅದನ್ನು ಕಲಿತದ್ದು. ರಾಗ ಸಂಯೋಜನೆ ಎಂಬಲ್ಲೂ ನಿನ್ನದೇ ಹೆಸರು ಹಾಕಿಸಿಕೊಂಡಿದ್ದೀಯೆ. ಹಾಡಿದವಳ ಹೆಸರು ಬಂದರೆ ನಾಳೆ ಅವಳನ್ನು ಯಾರಾದರೂ ರಾಗ ಯಾರದು ಎಂದು ಕೇಳಿಯಾರು, ಅಲ್ಲವೇ? ಹತ್ತಿದ ಏಣಿಯನ್ನು ಒದೆಯುವವರನ್ನು ಕಂಡಿದ್ದೆ. ಏಣಿಯೇ ಇರಲಿಲ್ಲ, ಹಾರಿ ಬಂದೆ ಎನ್ನುವವನನ್ನು ಈಗಲೇ ಕಂಡದ್ದು. ಇಟ್ಟುಕೋ ಆ ರಾಗವನ್ನು. ಅಮ್ಮ ಕೇಳಿಲ್ಲ, ನಾನೂ ಕೇಳುವುದಿಲ್ಲ. ಹಾಡಿದವಳು ಇವಳು ಎಂದು ಒಂದು ಸಾಲು ಬರೆದು ಕಂಪನಿಗೆ ಕಳಿಸು. ಪ್ಲೇಟಿನ ಹೊದಿಕೆ ಇದೇ ತಿಂಗಳು ಅಚ್ಚಿಗೆ ಹೋಗುತ್ತದೆ. ಅವಳ ಬಾಯಲ್ಲಿ ದನಿಯಿಲ್ಲ ಮಾವಾ. ಉಳಿದಿರುವುದು ಆ ಪ್ಲೇಟಿನಲ್ಲಿ ಮಾತ್ರ, ಅದೂ ಅವಳದಲ್ಲವೆಂದು ನೀನು ಹೇಳುತ್ತಿದ್ದೀಯೆ.

ಅತ್ತೆಗೆ ನಮಸ್ಕಾರ ತಿಳಿಸು, ಕಣ್ಣಿಗೆ ಹೊಗೆ ತಾಗದಂತೆ ನೋಡಿಕೋ. ಮಕ್ಕಳಿಗೆ ನನ್ನ ಪ್ರೀತಿ. ಅವರ ಮೇಲೆ ನನಗೆ ಸಿಟ್ಟಿಲ್ಲ.

ಇಂತಿ,
ನಿನ್ನ ಅಕ್ಕನ ಮಗಳು

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಅಮ್ಮ ಎದ್ದು ಬಂದು ಇದನ್ನೆಲ್ಲ ಓದಿಬಿಟ್ಟಳು. ಬೈಯಲಿಲ್ಲ. ಒಂದು ಹಾಳೆ ಎಳೆದುಕೊಂಡು ತಾನೇ ಕಂಪನಿಗೆ ಬರೆದಳು: “ನನ್ನ ತಮ್ಮ ಹೇಳಿರುವುದು ನಿಜ. ಹಾಡಿದವಳು ನಾನಲ್ಲ.” ಇದ್ಯಾಕಮ್ಮಾ ಎಂದು ಕೂಗಾಡಿದೆ. “ನಾಲ್ಕು ಜನರ ಮುಂದೆ ಅವನ ಮುಖ ಸಣ್ಣದಾಗೋದು ಬೇಡ ಕಣೇ” ಎಂದು ಪಿಸುಗುಟ್ಟಿದಳು. ಇವತ್ತೇ ಡಬ್ಬಕ್ಕೆ ಹಾಕು ಎಂದು ಅದನ್ನು ನನ್ನ ಕೈಗಿತ್ತಿದ್ದಾಳೆ. ನನ್ನಿಂದ ಆಗಲಿಲ್ಲ. ಬೇರೆ ಲಕೋಟೆಗೆ ಹಾಕಿ, ಕಂಪನಿಯ ವಿಳಾಸ ಬರೆದು, ಸ್ಟಾಂಪ್ ಹಚ್ಚಿ, ಬಾಯಿ ಅಂಟಿಸದೆ ಇದರೊಳಗೇ ಇಟ್ಟಿದ್ದೇನೆ. ಕೆಳಗೆ ಪೂರ್ತಿ ಹೆಸರು ಬರೆದು ಸಹಿ ಮಾಡಿದ್ದಾಳೆ, ಮರೆತಿದ್ದರೆ ಓದಿಕೋ. ಅಂಚೆಗೆ ಹಾಕುವುದಿದ್ದರೆ ನೀನೇ ಹಾಕು.