ತಟ್ಟೆಯಲ್ಲಿಟ್ಟಿರೋ ಎಳೆ

ಎನ್ಯೋನಾಮ್,

ಎದ್ದವಳೇ ಬಚ್ಚಲಿಗೆ ಓಡಬೇಡ, ಮೊದಲು ಇದನ್ನ ಓದು.

ನೀನು ಬಟ್ಟೆ ಕೆಳಗೆ ಬಚ್ಚಿಟ್ಟಿದ್ದ ಕೂದಲ ಬಣ್ಣ ತೆಗೆಯೋ ನಲವತ್ತರ ಪೆರಾಕ್ಸೈಡ್ ಬಾಟಲಿ ಸಿಕ್ಕಿತು. ಬಾಟಲಿ ಮೇಲಿನ ನಂಬರ್ ದೊಡ್ಡದಾದ್ರೆ ಕೂದಲು ಬೇಗ ಹೊಂಬಣ್ಣ ಆಗತ್ತೆ ಅಂತ ಯಾವಳು ಹೇಳಿದ್ಲು? ಹೋದ ವಾರ ತಾನೇ ನಿನ್ನ ಗುಂಗುರು ನೇರ ಮಾಡೋಕೆ ನಾನೇ ಕ್ರೀಮ್ ಹಚ್ಚಿದೀನಿ. ಅದರ ಮೇಲೆ ಇದಾ? ಸಲೂನಲ್ಲಿ ದುಡಿಯೋ ಅಕ್ಕನ್ನ ಒಂದು ಮಾತು ಕೇಳೋಕೆ ಏನು ಧಾಡಿ ನಿನಗೆ?

ಬಾಟಲಿ ನಾನು ತಗೊಂಡು ಹೋಗ್ತಿದೀನಿ. ಆದ್ರೂ ಹೆದರಿಕೆ ಹೋಗಿಲ್ಲ, ನೀನು ಸಂತೆಗೆ ಹೋಗಿ ಇನ್ನೊಂದು ತರೋಳೇ.

ನಿನ್ನ ಗೆಳತಿ ಸೆನಾಮ್ ಮದುವೆಗೆ ಹೊಂಬಣ್ಣದ ಚೌರಿ ಸೇರಿಸಿ ಜಡೆ ಹೆಣೀತೀನಿ. ಬಣ್ಣ ತೆಗೆಯೋದು ಆಮೇಲೆ, ಕೂದಲು ಸುಧಾರಿಸಲಿ. ಆಗಲೂ ಕಡಿಮೆ ಖಾರದ ಇಪ್ಪತ್ತರದ್ದೇ, ನನ್ನ ಕೈಯಲ್ಲೇ, ಬುಡಕ್ಕೆ ತಾಗದ ಹಾಗೆ.

ಬಾಂಕು ಮುದ್ದೆ, ಬೆಂಡೆಕಾಯಿ ಸಾರು ಒಲೆ ಮೇಲಿದೆ. ಉಣ್ಣೋ ಮುಂಚೆ ಕಿಟಕಿ ಹತ್ರ ಇಟ್ಟಿರೋ ತಟ್ಟೆ ನೋಡು. ನೀನು ಮಲಗಿದ್ದಾಗ ಕಿವಿ ಹಿಂದಿಂದ ಒಂದು ಎಳೆ ಕತ್ತರಿಸಿಕೊಂಡೆ, ಬೈಕೋ ಪರವಾಗಿಲ್ಲ. ಬ್ಲೀಚ್ ಪುಡಿ ಕಲಸಿ ನಿನ್ನ ನಲವತ್ತರಲ್ಲೇ ಅದ್ದಿಟ್ಟೆ. ಕೈಗವಸು ಹಾಕ್ಕೊಂಡು ಎಳೆದು ನೋಡು, ಬೆಂಡೆ ಲೋಳೆ ಥರ ಜಗ್ಗಿ ಜಗ್ಗಿ ತುಂಡಾಗತ್ತೆ.

ನಾನು ಒಂದೇ ಸಲ ಎಳೆದೆ. ಇನ್ನೊಂದು ಸಲಕ್ಕೆ ಕೈ ಏಳಲಿಲ್ಲ.

ಜೀಫಾ